ಗಿಫ್ಟ್ ಎಂದರೆ ವಿಷ, ಗಿಫ್ಟ್ ಎಂದರೆ ಮದುವೆ

ಜರ್ಮನಿಯಲ್ಲಿ ಇಲಿಪಾಷಾಣಕ್ಕೆ ‘ರಾಟನ್‌ಗಿಫ್ಟ್’ ಎನ್ನುತ್ತಾರೆ. ಇಂಗ್ಲಿಷ್ ಮಾತ್ರ ಬಲ್ಲವರು ಡಬ್ಬದ ಮೇಲೆ ಅದನ್ನು ಓದಿದರೆ ಇಲಿಗಳಿಗೆ ಯಾರೋ ಉಡುಗೊರೆ ಕಟ್ಟಿಟ್ಟಿದ್ದಾರೆ ಎಂದುಕೊಂಡಾರು. ಜರ್ಮನ್ ಭಾಷೆಯಲ್ಲಿ ಗಿಫ್ಟ್ ಎಂದರೆ ವಿಷ. ಬಾಲ್ಟಿಕ್ ಸಮುದ್ರ ದಾಟಿ ಸ್ವೀಡನ್ನಿಗೆ ಹೋದರೆ ಅದೇ ನಾಲ್ಕು ಅಕ್ಷರಗಳಿಗೆ ಎರಡು ಅರ್ಥ: ಒಂದು ವಿಷ, ಇನ್ನೊಂದು ‘ಮದುವೆಯಾದ’. ಇದರ ಮೇಲೆ ಗಂಡಂದಿರು ಕಟ್ಟಿದ ನಗೆಹನಿಗಳು ಎಷ್ಟು ಹಳಸಿವೆಯೆಂದರೆ ಅವನ್ನು ಇಲ್ಲಿ ಬಿಡಿಸಿ ಹೇಳಬೇಕಾಗಿಲ್ಲ.

ಬೇರೆ ಬೇರೆ ಪದಗಳು ಅಕಸ್ಮಾತ್ತಾಗಿ ಒಂದೇ ರೂಪಕ್ಕೆ ಬಂದು ನಿಂತದ್ದಲ್ಲ ಇದು. ಮೂರೂ ಒಂದೇ ಬಸಿರಿನ ಮಕ್ಕಳು. ಜರ್ಮನ್, ಇಂಗ್ಲಿಷ್, ಸ್ವೀಡಿಷ್‌ಗಳು ಸೇರಿದ ಜರ್ಮಾನಿಕ್ ಭಾಷಾಕುಟುಂಬದ ‘ಕೊಡು’ ಎಂಬ ಧಾತುವಿನಿಂದ ಹುಟ್ಟಿದ ನಾಮಪದ ಗಿಫ್ಟ್. ಮೂಲದಲ್ಲಿ ಅದಕ್ಕೆ ‘ಕೊಡುವಿಕೆ, ಕೊಟ್ಟದ್ದು’ ಎಂದಷ್ಟೇ ಅರ್ಥ. ಏನನ್ನು ಕೊಟ್ಟದ್ದು, ಯಾರಿಗೆ ಕೊಟ್ಟದ್ದು ಎಂಬಲ್ಲಿ ದಾರಿಗಳು ಕವಲೊಡೆದವು.

ಮದುವೆಯ ಕವಲು ಕನ್ನಡಿಗರಿಗೆ ಒಗಟೇ ಅಲ್ಲ. ‘ಮಗಳನ್ನು ಯಾವ ಊರಿಗೆ ಕೊಟ್ಟಿದ್ದೀರಿ?’ ಎಂದು ಕೇಳುವವರು ನಾವು. ಸ್ವೀಡನ್ನಿನವರ ಪೂರ್ವಿಕರೂ ಹೆಣ್ಣನ್ನು ಕೊಡುತ್ತಿದ್ದರು; ‘ಕೊಟ್ಟವಳು’ ಎಂದರೆ ಮದುವೆಯಾದವಳು ಎಂದಾಯಿತು. ಮುಂದೆ ಆ ಮಾತು ಗಂಡಿಗೂ ಅಂಟಿತು. ಪ್ರಾಚೀನ ಇಂಗ್ಲಿಷ್‌ನಲ್ಲಂತೂ ಈ ಪದಕ್ಕೆ ವಧುವಿಗಾಗಿ ತೆರುವ ಹಣ, ನಮ್ಮ ಹಳ್ಳಿಗಳ ‘ತೆರ’, ಎಂಬ ಅರ್ಥವಿತ್ತು. ಅದರ ಬಹುವಚನಕ್ಕೆ ಮದುವೆ ಎಂದೇ ಅರ್ಥ. ಆಗ ಅದರ ಉಚ್ಚಾರಣೆ ‘ಯಿಫ್ಟ್’ ಎಂಬಂತಿತ್ತು. ಗಟ್ಟಿ ಗಕಾರವೂ ಉಡುಗೊರೆಯೆಂಬ ಅರ್ಥವೂ ಸ್ವೀಡನ್ ಸುತ್ತಲ ಉತ್ತರದ ನಾಡುಗಳಿಂದ ಬಂದು ಇಂಗ್ಲೆಂಡಿನಲ್ಲಿ ನೆಲೆಸಿದ ವೈಕಿಂಗರ ನಾರ್ಸ್ ಭಾಷೆಯ ಪ್ರಭಾವದಿಂದ ಬಂದವು. ತಮಾಷೆಯೆಂದರೆ ಇಂದು ಸ್ವೀಡನ್ನಿನವರೇ ‘ಯಿಫ್ಟ್’ ಎನ್ನುತ್ತಾರೆ, ಇಂಗ್ಲಿಷಿನವರು ಗಕಾರ ಬಿಟ್ಟಿಲ್ಲ.

ವಿಷದ ಕವಲು ಇಷ್ಟು ಸರಳವಲ್ಲ. ಅದರ ಜಾಡು ಗ್ರೀಕ್ ವೈದ್ಯರ ಬಳಿಗೆ ಹೋಗುತ್ತದೆ. ರೋಗಿಗೆ ಒಂದು ಸಲಕ್ಕೆ ಕೊಡುವ ಔಷಧದ ಪ್ರಮಾಣಕ್ಕೆ ಅವರು ‘ಡೋಸಿಸ್’, ಅಂದರೆ ‘ಕೊಡುವಿಕೆ’, ಎನ್ನುತ್ತಿದ್ದರು. ಲಸಿಕೆ ಹಾಕಿಸಿಕೊಳ್ಳುವಾಗ ನಾವು ಎಣಿಸುವ ‘ಡೋಸ್’ ಇದೇ. ಸಂಸ್ಕೃತದ ‘ದಾನ’ವೂ ಇದೇ ಧಾತುವಿನದು, ಹಾಗಾಗಿ ಡೋಸ್ ಮತ್ತು ಕನ್ಯಾದಾನ ದೂರದ ದಾಯಾದಿಗಳು. ಲ್ಯಾಟಿನ್ ಮೂಲಕ ಬಂದ ಡೋಸಿಸ್‌ಗೆ ಜರ್ಮನರು ತಮ್ಮ ‘ಗಿಫ್ಟ್’ ಪದವನ್ನೇ ಒಗ್ಗಿಸಿಕೊಂಡರು ಎಂಬುದು ಭಾಷಾಶಾಸ್ತ್ರಜ್ಞರು ಹೆಚ್ಚಾಗಿ ಒಪ್ಪುವ ವಿವರಣೆ. ಕೊಟ್ಟದ್ದು ಔಷಧವೋ ಪ್ರಾಣ ತೆಗೆಯುವಂಥದೋ ಎಂಬುದನ್ನು ಪದ ಬಾಯಿಬಿಡುವುದಿಲ್ಲ. ವಿಷವನ್ನು ನೇರವಾಗಿ ಹೆಸರಿಸಲು ಅಂಜುವ ನಾಲಿಗೆಗೆ ಇಂಥ ಮರೆ ಅನುಕೂಲವೇ. ‘ಅವನಿಗೆ ಮದ್ದು ಹಾಕಿದ್ದಾರೆ’ ಎಂದು ನಮ್ಮಲ್ಲಿ ಪಿಸುಗುಟ್ಟುವಾಗ ಮದ್ದು ಎಂಬುದು ಔಷಧವಾಗಿ ಉಳಿದಿರುವುದಿಲ್ಲವಲ್ಲ!

ವಿಷಕ್ಕೆ ಜರ್ಮನ್‌ನಲ್ಲಿ ಮೊದಲು ಬೇರೊಂದು ಪದವಿತ್ತು: ‘ಐಟರ್’. ಗಿಫ್ಟ್ ಆ ಜಾಗ ಹಿಡಿದ ಮೇಲೆ ಐಟರ್‌ಗೆ ಕೀವು ಎಂಬ ಅರ್ಥ ಮಾತ್ರ ಉಳಿಯಿತು. ಉಡುಗೊರೆಯೆಂಬ ಹಳೆಯ ಅರ್ಥ ಮಾತ್ರ ಒಂದು ಮೂಲೆಯಲ್ಲಿ ಬದುಕಿಕೊಂಡಿದೆ. ವಧುವಿನ ಜೊತೆಗೆ ಕೊಟ್ಟು ಕಳಿಸುವ ಬಳುವಳಿಗೆ ಜರ್ಮನರು ಇಂದಿಗೂ ‘ಮಿಟ್‌ಗಿಫ್ಟ್’ ಎನ್ನುತ್ತಾರೆ. ‘ಜೊತೆಗೆ ಕೊಟ್ಟದ್ದು’ ಎಂಬುದು ಅದರ ಪದಶಃ ಅರ್ಥ. ಅದು ಸ್ತ್ರೀಲಿಂಗ, ವಿಷ ನಪುಂಸಕಲಿಂಗ.

ಫ್ರೆಂಚ್ ಮಾನವಶಾಸ್ತ್ರಜ್ಞ ಮಾರ್ಸೆಲ್ ಮೌಸ್‌ಗೆ ಡೋಸಿಸ್ ವಿವರಣೆ ಸಾಲಲಿಲ್ಲ. 1924ರ ಒಂದು ಪುಟ್ಟ ಲೇಖನದಲ್ಲಿ ಅವರು, ಪ್ರಾಚೀನ ಜರ್ಮಾನಿಕ್ ಜನರಲ್ಲಿ ಕೊಡುಗೆಯೆಂದರೆ ಮುಖ್ಯವಾಗಿ ಒಟ್ಟಿಗೆ ಕುಳಿತು ಕುಡಿಯುವ ಪಾನೀಯ ಎಂಬುದನ್ನು ನೆನಪಿಸಿದರು. ಎದುರಿಗಿರುವವನು ನೀಡಿದ ಪಾನಪಾತ್ರೆಯಲ್ಲಿ ಏನಿದೆಯೋ ಎಂಬ ಅಳುಕು ಅಲ್ಲಿ ಸದಾ ಇದ್ದದ್ದೇ. ಪದದ ಹುಟ್ಟಿಗೆ ಇದು ಪುರಾವೆಯಾಗದು ಎಂಬುದು ನನ್ನ ಅನಿಸಿಕೆ. ಆದರೂ ಪಾನೀಯದ ಮಾತು ತಳ್ಳಿಹಾಕುವಂಥದ್ದಲ್ಲ. ಉಡುಗೊರೆಗೆ ಇಂದಿನ ಜರ್ಮನ್ ಪದ ‘ಗೆಶೆಂಕ್’. ಅದರ ಕ್ರಿಯಾಪದಕ್ಕೆ ಮೊದಲಿದ್ದ ಅರ್ಥ ‘ಕುಡಿಯಲು ಸುರಿದುಕೊಡು’. ಅತ್ತ ಫ್ರೆಂಚರ ‘ಪ್ವಾಜೋ’, ಅಂದರೆ ಇಂಗ್ಲಿಷಿನ ಪಾಯ್ಸನ್, ಬಂದದ್ದು ಲ್ಯಾಟಿನ್ನಿನ ‘ಪೋಟಿಯೋ’ದಿಂದ. ಅದರ ಅರ್ಥವೂ ಪಾನೀಯವೇ. ಜರ್ಮನರ ಲೋಟದಲ್ಲಿ ಸುರಿದದ್ದು ಉಡುಗೊರೆಯಾಯಿತು, ಫ್ರೆಂಚರ ಲೋಟದಲ್ಲಿ ವಿಷವಾಯಿತು.

ಡಚ್ಚರು ಮಾತ್ರ ಗೊಂದಲಕ್ಕೆ ಎಡೆಯಿಡದೆ ಲೆಕ್ಕ ಚುಕ್ತಾ ಮಾಡಿಕೊಂಡಿದ್ದಾರೆ. ಕೊನೆಯ ಟಕಾರವಿದ್ದರೆ ದೇಣಿಗೆ, ಅದನ್ನು ಉದುರಿಸಿ ‘ಗಿಫ್’ ಎಂದರೆ ವಿಷ.