ಕೋಳಿ ಕೂಗಿದ್ದಕ್ಕೆ 4 ಪೆನ್ನಿ: ಮಧ್ಯಯುಗದ ಯೂರೋಪಿನ ನಾಟಕ

ಮಧ್ಯಯುಗದ ಯೂರೋಪಿನ ನಾಟಕದ ಕಥೆಯನ್ನು ಸಾಮಾನ್ಯವಾಗಿ ಎರಡೇ ಮಾತಲ್ಲಿ ಮುಗಿಸುತ್ತಾರೆ. ಚರ್ಚು ನಾಟಕವನ್ನು ಕೊಂದಿತು, ಆಮೇಲೆ ಚರ್ಚೇ ಅದನ್ನು ಹುಟ್ಟಿಸಿತು. ಕೇಳಲು ಚೆನ್ನಾಗಿದೆ. ಆದರೆ ದುಡ್ಡು ಹಾಕಿದವರು ಯಾರು, ಬಂಡಿ ಎಳೆದವರು ಯಾರು ಎಂದು ಹುಡುಕಲು ಹೋದರೆ ಕಥೆ ಗೋಜಲಾಗುತ್ತದೆ.

ಶುರುವಿನ ಭಾಗ ಬೇಗ ಹೇಳಿಬಿಡೋಣ. ರೋಮ್ ಬಿತ್ತು, ಅದರ ರಂಗಮಂದಿರಗಳೂ ಹಾಳಾದವು. ಕ್ರೈಸ್ತ ಗುರುಗಳಿಗೆ ನಟರನ್ನು ಕಂಡರೆ ಮೊದಲೇ ಆಗುತ್ತಿರಲಿಲ್ಲ. ಮುಂದೆ ಕೆಲವು ಶತಮಾನ ಊರೂರು ಸುತ್ತುವ ಹಾಡುಗಾರರು, ದೊಂಬರಾಟದವರು ಮಾತ್ರ ಉಳಿದರು. ಸುಮಾರು 970ರಲ್ಲಿ ಇಂಗ್ಲೆಂಡಿನ ವಿಂಚೆಸ್ಟರ್‌ನಲ್ಲಿ ಬಿಷಪ್ ಎಥೆಲ್‌ವೋಲ್ಡ್ ಸನ್ಯಾಸಿಗಳಿಗಾಗಿ ಒಂದು ನಿಯಮಾವಳಿ ಮಾಡಿಸಿದರು. ಅದರಲ್ಲಿ ಈಸ್ಟರ್ ಬೆಳಗಿನ ಒಂದು ಪುಟ್ಟ ದೃಶ್ಯವಿದೆ. ಒಬ್ಬ ಸನ್ಯಾಸಿ ತಾಳೆಗರಿ ಹಿಡಿದು ಯೇಸುವಿನ ಸಮಾಧಿಯ ಬಳಿ ಕೂರಬೇಕು, ಅವನೇ ದೇವದೂತ. ಯೇಸುವನ್ನು ಹುಡುಕಿ ಬಂದ ಹೆಂಗಸರ ಪಾತ್ರದಲ್ಲಿ ಇನ್ನು ಮೂವರು ಸನ್ಯಾಸಿಗಳು ಧೂಪ ಹಿಡಿದು, ಏನೋ ಹುಡುಕುವವರ ಹಾಗೆ ಮೆಲ್ಲಗೆ ಬರಬೇಕು. 'ಯಾರನ್ನು ಹುಡುಕುತ್ತಿದ್ದೀರಿ?' ಎಂದು ಅವನು ಹಾಡುತ್ತಾನೆ. ಹೆಜ್ಜೆ ಹೇಗಿಡಬೇಕು ಎಂದೂ ಹೇಳಿದ ಮೇಲೆ ಅದು ನಾಟಕವೇ, ಅಲ್ವಾ?

ಅದೇ ಶತಮಾನದಲ್ಲಿ ಜರ್ಮನಿಯ ಗಾಂಡರ್ಸ್‌ಹೈಮ್ ಮಠದಲ್ಲಿ ಹ್ರೋಟ್ಸ್‌ವಿತಾ ಎಂಬಾಕೆ ರೋಮಿನ ಹಳೇ ನಾಟಕಕಾರ ಟೆರೆನ್ಸನನ್ನು ಓದಿಕೊಂಡು ಲ್ಯಾಟಿನ್‌ನಲ್ಲಿ ಆರು ನಾಟಕ ಬರೆದಳು. ಅಂದರೆ ಹಳೇ ಬೇರು ಪೂರ್ತಿ ಒಣಗಿರಲಿಲ್ಲ.

ನಾಟಕಕ್ಕೆ ನಿಜವಾದ ಜೀವ ಬಂದದ್ದು ಬೀದಿಯಲ್ಲಿ. 1264ರಲ್ಲಿ ಪೋಪ್ 4ನೇ ಅರ್ಬನ್ ಪರಮಪ್ರಸಾದದ, ಅಂದರೆ ಯೇಸುವಿನ ದೇಹವೆಂದು ನಂಬುವ ರೊಟ್ಟಿಯ, ಹಬ್ಬವನ್ನು ಸಾರಿದರು. 14ನೇ ಶತಮಾನದಲ್ಲಿ ಅದು ಎಲ್ಲೆಡೆ ಹಬ್ಬಿತು, ಜೊತೆಗೆ ಮೆರವಣಿಗೆಯೂ ಬಂತು. ಮೇ 21ರಿಂದ ಜೂನ್ 24ರ ನಡುವೆ ಬರುವ ಹಬ್ಬ, ಬೆಳಕು ಜಾಸ್ತಿ ಹೊತ್ತು ಇರುತ್ತದೆ. ಇಂಗ್ಲೆಂಡಿನ ಯಾರ್ಕ್ ಪಟ್ಟಣ ಅದನ್ನು ಚೆನ್ನಾಗಿ ಬಳಸಿಕೊಂಡಿತು. ಅಲ್ಲಿ ನಾಟಕದ ಬಂಡಿ (ಗಾಲಿಯ ಮೇಲಿನ ರಂಗ) ನಿಲ್ಲಿಸುವ ಕೊಟ್ಟಿಗೆಯೊಂದರ ದಾಖಲೆ 1376ರದು. ಜಗತ್ತಿನ ಸೃಷ್ಟಿಯಿಂದ ಕೊನೆಯ ತೀರ್ಪಿನವರೆಗೆ ಸುಮಾರು 48 ಸಣ್ಣ ನಾಟಕಗಳು, ಒಂದೊಂದು ಕಸುಬಿನ ಸಂಘಕ್ಕೆ ಒಂದೊಂದು. ಬೆಳಗಿನ ಜಾವ ನಾಲ್ಕೂವರೆಗೆ ನಟರು ಸಿದ್ಧರಿರಬೇಕು. ಬಂಡಿ ಹತ್ತಾರು ಕಡೆ ನಿಲ್ಲುತ್ತದೆ, ನಿಂತಲ್ಲೆಲ್ಲ ಅದೇ ಆಟ. ಯಾರ ಮನೆ ಮುಂದೆ ಬಂಡಿ ನಿಲ್ಲಬೇಕು ಎನ್ನುವುದಕ್ಕೂ ದುಡ್ಡು ಕೊಡಬೇಕಿತ್ತು.

ನೋಹನ ನಾವೆ ಕಟ್ಟುವ ಆಟ ಹಡಗು ಕಟ್ಟುವವರದು. ಯೇಸುವಿನ ಕೊನೆಯ ಭೋಜನ ಬೇಕರಿಯವರದು. ಯೇಸುವನ್ನು ಶಿಲುಬೆಗೆ ಹೊಡೆಯುವ ದೃಶ್ಯ ಪಿನ್ನು, ಮೊಳೆ ಮಾಡುವವರದು. ಅದರಲ್ಲಿ ಸೈನಿಕರು ಥೇಟು ಕೂಲಿಯವರ ಹಾಗೆ ಗೊಣಗುತ್ತಾರೆ. ತೂತುಗಳನ್ನು ತೀರಾ ದೂರ ಕೊರೆದುಬಿಟ್ಟಿದ್ದಾರೆ, ಹಗ್ಗ ಕಟ್ಟಿ ಕೈ ಎಳೆಯಬೇಕು, ಭುಜ ಬಿದ್ದುಹೋಗುತ್ತಿದೆ! ನೋಡುವವನಿಗೆ ಮೊದಲು ನಗು ಬರುತ್ತದೆ, ಆಮೇಲೆ ಮೈ ಜುಮ್ಮೆನ್ನುತ್ತದೆ. ಯಾವ ಉಪದೇಶವೂ ಇಷ್ಟು ಕೆಲಸ ಮಾಡಿರಲಾರದು.

ಜಗಳಗಳೂ ಇದ್ದವು. ನಾಟಕದ ಚಂದಾ ಎಂದರೆ ಸಣ್ಣ ಸಂಘಗಳಿಗೆ ಹೊರೆ. ಯಾರ್ಕ್‌ನ ಕಲ್ಲುಕುಟಿಗರ ಪಾಲಿಗೆ ಬಂದದ್ದು ಯೇಸುವಿನ ತಾಯಿ ಮರಿಯಳ ಶವಯಾತ್ರೆಯ ಆಟ. ಅದಕ್ಕೆ ಭಕ್ತಿಗಿಂತ ನಗು, ಗಲಾಟೆ, ಹೊಡೆದಾಟವೇ ಜಾಸ್ತಿ ಎಂದು 1430ರ ದಶಕದ ಶುರುವಿನಲ್ಲಿ ಅವರು ದೂರಿ ಅದನ್ನು ಕೈಬಿಟ್ಟರು. ಇಂಗ್ಲೆಂಡಿನ ಇನ್ನೊಂದು ಪಟ್ಟಣ ಕೊವೆಂಟ್ರಿಯ ಕಮ್ಮಾರರ ಲೆಕ್ಕದ ಪುಸ್ತಕದಲ್ಲಿ, ಅವರ ಆಟದಲ್ಲಿ ಯೇಸುವಿಗೆ ದ್ರೋಹ ಬಗೆದ ಯೂದನನ್ನು ನೇಣು ಹಾಕಿದ್ದಕ್ಕೆ 4 ಪೆನ್ನಿ, ಕೋಳಿಯ ಹಾಗೆ ಕೂಗಿದ್ದಕ್ಕೆ 4 ಪೆನ್ನಿ ಎಂದು ಬರೆದಿದೆ. ಎರಡೂ ಒಬ್ಬನೇ ಮಾಡಿದ್ದು.

ಆಮೇಲೆ ಇದು ನಿಂತದ್ದು ಹೇಗೆ? ಪ್ಯಾರಿಸ್‌ನಲ್ಲಿ ಉತ್ತರ ಸುಲಭ: 1548ರಲ್ಲಿ ಅಲ್ಲಿನ ನ್ಯಾಯಸಭೆ ಪವಿತ್ರ ಕಥೆಗಳ ಆಟವನ್ನು ನಿಷೇಧಿಸಿತು. ಇಂಗ್ಲೆಂಡಿನಲ್ಲಿ ಹಾಗಲ್ಲ. ದೇಶದ ಧರ್ಮವೇ ಬದಲಾಗಿತ್ತು: ಕ್ಯಾಥೊಲಿಕ್ ಹೋಗಿ ಪ್ರಾಟೆಸ್ಟಂಟ್ ಬಂದಿತ್ತು. ಪರಮಪ್ರಸಾದದ ಹಬ್ಬ ಹೋಯಿತು, ಮರಿಯಳ ಆಟಗಳು ಹೋದವು. ಊರಿನ ವ್ಯಾಪಾರವೂ ಸೊರಗಿತ್ತು. ಯಾರ್ಕ್‌ನಲ್ಲಿ ಕೊನೆಯ ಆಟ 1569ರಲ್ಲಿ. 1579ರಲ್ಲಿ ಮತ್ತೆ ಆಡಿಸೋಣ ಎಂದು ನಗರಸಭೆ ತೀರ್ಮಾನಿಸಿತು, ಆದರೆ ಮೊದಲು ನಾಟಕದ ಪುಸ್ತಕ ಆರ್ಚ್‌ಬಿಷಪ್ಪರ ಕೈಯಲ್ಲಿ ತಿದ್ದುಪಡಿಯಾಗಬೇಕಿತ್ತು. ಆಟ ನಡೆಯಲಿಲ್ಲ. 1580ರಲ್ಲಿ ಜನ ಮತ್ತೆ ಕೇಳಿದರು. ವಿಚಾರ ಮಾಡುತ್ತೇವೆ ಎಂದರು ಮೇಯರ್.

ಆ ನಾಟಕಮಾಲೆ ಯಾರ್ಕ್‌ನಲ್ಲಿ ಮತ್ತೆ ದೊಡ್ಡದಾಗಿ ರಂಗಕ್ಕೆ ಬಂದದ್ದು 1951ರಲ್ಲಿ.