ಒಂದೇ ತಾರೀಕಿಗೆ ಇಷ್ಟೊಂದು ಸಂಗೀತಗಾರರು ಹುಟ್ಟಿದ್ದು ಹೇಗೆ?

ಓದುಗರ ಪ್ರಶ್ನೆ: ಆಶಾ ಭೋಸ್ಲೆ, ಭೂಪೇನ್ ಹಜಾರಿಕಾ ಇಬ್ಬರ ಹುಟ್ಟುಹಬ್ಬವೂ ಸೆಪ್ಟೆಂಬರ್ 8. ಪಾಶ್ಚಾತ್ಯ ಸಂಗೀತ ರಚನಕಾರರಾದ ಬ್ರಾಮ್ಸ್, ಚೈಕೋವ್‌ಸ್ಕಿ ಇಬ್ಬರದೂ ಮೇ 7. ಇಂಥ ಜೋಡಿಗಳು ಹುಡುಕಿದಷ್ಟೂ ಸಿಗುತ್ತವೆ. ಇದು ಬರೀ ಕಾಕತಾಳೀಯವೇ, ಅಥವಾ ಆ ದಿನಗಳಿಗೇ ಏನಾದರೂ ವಿಶೇಷ ಇದೆಯೇ?

ಉತ್ತರ: ಕಾಕತಾಳೀಯವೇ. ಅದೂ ತೀರಾ ಸುಲಭವಾಗಿ ಒದಗುವ ಕಾಕತಾಳೀಯ. ಸೆಪ್ಟೆಂಬರ್ 8ಕ್ಕೆ ಬೇಕಿದ್ದರೆ ಮೂರನೆಯ ಹೆಸರನ್ನೂ ಸೇರಿಸಿಕೊಳ್ಳಿ: 1841ರಲ್ಲಿ ಬೊಹಿಮಿಯಾದ ಒಂದು ಹಳ್ಳಿಯಲ್ಲಿ ಹುಟ್ಟಿದ ಆಂತೊನಿನ್ ದ್ವೊರ್ಝಾಕ್. 1926ರಲ್ಲಿ ಅಸ್ಸಾಮಿನ ಸದಿಯಾದಲ್ಲಿ ಹಜಾರಿಕಾ, 1933ರಲ್ಲಿ ಸಾಂಗ್ಲಿಯಲ್ಲಿ ಆಶಾ. ಈ ಮೂವರನ್ನೂ ಕಟ್ಟಿಹಾಕುವ ದಾರ ಆ ತಾರೀಕು ಬಿಟ್ಟರೆ ಬೇರೆ ಇಲ್ಲ.

ಲೆಕ್ಕ ನೋಡೋಣ. ಒಂದು ಕೋಣೆಯಲ್ಲಿ 23 ಜನ ಇದ್ದರೆ, ಅವರಲ್ಲಿ ಯಾರಾದರೂ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬೀಳುವ ಸಾಧ್ಯತೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಶೇ 50.7. ಐವತ್ತು ಜನರಾದರೆ ಶೇ 97. ಮೊದಲ ಸಲ ಕೇಳಿದಾಗ ಇದು ನಂಬುವಂತಿರುವುದಿಲ್ಲ. ವರ್ಷಕ್ಕೆ 365 ದಿನ, ಇಪ್ಪತ್ತಮೂರು ಎಲ್ಲಿ ಸಾಲುತ್ತೆ ಅನ್ನಿಸುತ್ತದೆ. ಆದರೆ ಇಲ್ಲಿ ಎಣಿಸಬೇಕಾದ್ದು ಜೋಡಿಗಳನ್ನು. ಇಪ್ಪತ್ತಮೂರು ಜನರಲ್ಲಿ ಪ್ರತಿಯೊಬ್ಬರನ್ನೂ ಉಳಿದವರ ಜೊತೆ ಹೋಲಿಸಿದರೆ 253 ಜೋಡಿಗಳಾಗುತ್ತವೆ. ಅಷ್ಟು ಸಲ ಅದೃಷ್ಟ ಪರೀಕ್ಷೆ ನಡೆದ ಹಾಗಾಯಿತು.

ಅದೇ ಕೋಣೆಯಲ್ಲಿ ನಿಮ್ಮ ಹುಟ್ಟುಹಬ್ಬವನ್ನೇ ಹಂಚಿಕೊಂಡವರು ಯಾರಾದರೂ ಇದ್ದಾರಾ ಎಂದು ಕೇಳಿದರೆ ಮಾತು ಬೇರೆ. ಉಳಿದ 22 ಜನರಲ್ಲಿ ಅಂಥವರು ಸಿಗುವ ಸಾಧ್ಯತೆ ಸುಮಾರು ಶೇ 6 ಮಾತ್ರ. ‘ಯಾರದೋ ಇಬ್ಬರದು’ ಎನ್ನುವುದಕ್ಕೂ ‘ನನ್ನದೇ’ ಎನ್ನುವುದಕ್ಕೂ ಅಷ್ಟು ಅಂತರ.

ಈಗ ಸಾವಿರ ಸಂಗೀತಗಾರರ ಪಟ್ಟಿಯೊಂದನ್ನು ಊಹಿಸಿಕೊಳ್ಳಿ. ಸರಾಸರಿ ದಿನಕ್ಕೆ ಮೂವರಿಗಿಂತ ತುಸು ಕಡಿಮೆ. ಆದರೆ ಯದ್ವಾತದ್ವಾ ಬೀಳುವ ಸಂಗತಿಗಳು ಸಮನಾಗಿ ಹರಡಿಕೊಳ್ಳುವುದಿಲ್ಲ. ವರ್ಷದಲ್ಲಿ ಇಪ್ಪತ್ತಕ್ಕೂ ಹೆಚ್ಚು ದಿನಗಳು ಒಬ್ಬರೂ ಇಲ್ಲದೆ ಖಾಲಿ ಉಳಿಯುತ್ತವೆ, ಏಳೆಂಟು ದಿನಗಳಲ್ಲಿ ಏಳು ಅಥವಾ ಅದಕ್ಕಿಂತ ಹೆಚ್ಚು ಜನ ಗುಂಪುಗಟ್ಟುತ್ತಾರೆ. ಇದು ಸಾಧಾರಣ ನಿರೀಕ್ಷೆ. ಆ ಏಳೆಂಟು ದಿನಗಳ ಮೇಲೆ ನಮ್ಮ ಕಣ್ಣು ಬೀಳುತ್ತದೆ, ‘ಏನೋ ವಿಶೇಷ ಇದೆ’ ಎನ್ನುತ್ತೇವೆ. ಖಾಲಿ ದಿನಗಳ ಬಗ್ಗೆ ಯಾರೂ ಲೇಖನ ಬರೆಯುವುದಿಲ್ಲ.

ವಿಶೇಷ ಎಂದು ವಾದಿಸಲೇಬೇಕೆಂದರೆ ನವೆಂಬರ್ 22 ಒಳ್ಳೆಯ ಅಭ್ಯರ್ಥಿ. ಕ್ರೈಸ್ತ ಸಂಪ್ರದಾಯದಲ್ಲಿ ಸಂಗೀತವನ್ನು ಕಾಯುವ ಸಂತಳಾದ ಸಿಸಿಲಿಯಾಳ ಹಬ್ಬ ಅವತ್ತು. 1901ರ ಅದೇ ದಿನ ಸ್ಪೇನಿನ ಹೋಕಿನ್ ರೊದ್ರಿಗೊ ಹುಟ್ಟಿದರು, 1913ರ ಅದೇ ದಿನ ಇಂಗ್ಲೆಂಡಿನ ಬೆಂಜಮಿನ್ ಬ್ರಿಟನ್. ಕೇಳಲು ಸೊಗಸಾಗಿದೆ. ಆದರೆ ಬಾಖ್, ಮೊಜಾರ್ಟ್, ಬೀಥೋವನ್, ಶುಬರ್ಟ್ ಯಾರೂ ಆ ಸಂತಳ ದಿನಕ್ಕಾಗಿ ಕಾಯಲಿಲ್ಲವಲ್ಲ.

ನನ್ನ ಮಟ್ಟಿಗೆ ಕುತೂಹಲ ಇರುವುದು ಇನ್ನೊಂದು ಕಡೆ. ಎರಡು ಹೆಸರಿನ ಮುಂದೆ ಒಂದೇ ತಾರೀಕು ಬರೆದಿದ್ದರೆ, ಅದು ನಿಜಕ್ಕೂ ಒಂದೇ ತಾರೀಕಾ?

ನೀವು ಹೇಳಿದ ಮೇ 7ರ ಜೋಡಿಯನ್ನೇ ತೆಗೆದುಕೊಳ್ಳಿ. ಬ್ರಾಮ್ಸ್ 1833ರಲ್ಲಿ ಹ್ಯಾಂಬರ್ಗ್‌ನಲ್ಲಿ ಹುಟ್ಟಿದರು, ಚೈಕೋವ್‌ಸ್ಕಿ 1840ರಲ್ಲಿ ರಷ್ಯಾದ ವೋಟ್ಕಿನ್‌ಸ್ಕ್‌ನಲ್ಲಿ. ಆಗಿನ ರಷ್ಯಾದಲ್ಲಿ ಹಳೆಯ ಜೂಲಿಯನ್ ಕ್ಯಾಲೆಂಡರ್ ನಡೆಯುತ್ತಿತ್ತು, ಅದು ನಮ್ಮ ಈಗಿನ ಕ್ಯಾಲೆಂಡರಿಗಿಂತ ಆಗ ಹನ್ನೆರಡು ದಿನ ಹಿಂದಿತ್ತು. ಚೈಕೋವ್‌ಸ್ಕಿಯವರ ಮನೆಯ ಗೋಡೆಯ ಮೇಲೆ ಅವತ್ತು ಏಪ್ರಿಲ್ 25. ಹನ್ನೆರಡು ದಿನ ಕೂಡಿಸಿದರೆ ಮೇ 7. ಇಲ್ಲಿ ಹಳೆಯ ಕ್ಯಾಲೆಂಡರ್ ನಿಜವಾದ ಜೋಡಿಯನ್ನು ಮರೆಮಾಡಿತ್ತು.

ಇಬ್ಬರ ನಡುವೆ ಹೋಲಿಕೆಗಳೇನೋ ಇನ್ನೂ ಇವೆ. ಇಬ್ಬರೂ 1878ರಲ್ಲಿ ಪಿಟೀಲು ಕಾನ್ಸರ್ಟೊ (ವಾದ್ಯವೃಂದದ ಜೊತೆ ಪಿಟೀಲೇ ಮುಂದಾಗಿ ನುಡಿಯುವ ಕೃತಿ) ಬರೆದರು, ಎರಡೂ ಡಿ ಮೇಜರ್ ಎಂಬ ಒಂದೇ ಸ್ವರಶ್ರೇಣಿಯಲ್ಲಿ. ಆದರೂ ಚೈಕೋವ್‌ಸ್ಕಿಗೆ ಬ್ರಾಮ್ಸ್ ಸಂಗೀತ ರುಚಿಸುತ್ತಿರಲಿಲ್ಲ. 1886ರ ಡೈರಿಯಲ್ಲಿ ಅವರನ್ನು ಪ್ರತಿಭೆಯೇ ಇಲ್ಲದವರು ಎಂದು ಬೈದುಕೊಂಡಿದ್ದಾರೆ. ಇಬ್ಬರೂ ಮೊದಲು ಮುಖಾಮುಖಿಯಾದದ್ದು 1888ರ ಜನವರಿ 1ರಂದು, ಲೈಪ್‌ಜಿಗ್‌ನಲ್ಲಿ ಪಿಟೀಲು ವಾದಕ ಅಡಾಲ್ಫ್ ಬ್ರಾಡ್‌ಸ್ಕಿಯವರ ಮನೆಯಲ್ಲಿ. ಚೈಕೋವ್‌ಸ್ಕಿಯವರ ಆ ಕಾನ್ಸರ್ಟೊವನ್ನು 1881ರಲ್ಲಿ ವಿಯೆನ್ನಾದಲ್ಲಿ ಮೊದಲ ಸಲ ನುಡಿಸಿದವರೂ ಇದೇ ಬ್ರಾಡ್‌ಸ್ಕಿ. ಅದು ಕಿವಿಗೆ ನಾರುವ ಸಂಗೀತ ಎಂಬರ್ಥದಲ್ಲಿ ಬರೆದು ಹಾಕಿದ ವಿಮರ್ಶಕ ಹಾನ್ಸ್‌ಲಿಕ್, ಬ್ರಾಮ್ಸ್ ಅವರ ಗೆಳೆಯ. ಹೀಗೆ ಮುನಿಸಿಗೆ ಕಾರಣಗಳು ಬೇಕಾದಷ್ಟಿದ್ದವು. ಊಟಕ್ಕೆ ಕೂತಾಗ ಇಬ್ಬರ ನಡುವಿನ ಕುರ್ಚಿ ಸಿಕ್ಕಿದ್ದು ನಾರ್ವೆಯ ಸಂಗೀತ ರಚನಕಾರ ಗ್ರೀಗ್ ಅವರ ಹೆಂಡತಿ ನೀನಾಗೆ. ಈ ಇಬ್ಬರ ಮಧ್ಯೆ ಕೂರಲು ನನಗೆ ಎದೆ ನಡುಗುತ್ತದೆ ಎಂದು ಆಕೆ ಎದ್ದೇ ಬಿಟ್ಟರಂತೆ, ಗ್ರೀಗ್ ಬಂದು ಆ ಜಾಗದಲ್ಲಿ ಕೂತರಂತೆ. ಮುಂದಿನ ವರ್ಷ ಹ್ಯಾಂಬರ್ಗ್‌ನಲ್ಲಿ ಬ್ರಾಮ್ಸ್ ತಮ್ಮ ಪ್ರಯಾಣವನ್ನು ಒಂದು ದಿನ ಮುಂದೂಡಿ ಚೈಕೋವ್‌ಸ್ಕಿಯವರ ಐದನೆಯ ಸಿಂಫನಿಯ ತಾಲೀಮು ಕೇಳಿದರು. ಕೊನೆಯ ಭಾಗ ಹಿಡಿಸಲಿಲ್ಲ ಎಂದು ಮುಖಕ್ಕೇ ಹೇಳಿದರು. ಮನುಷ್ಯರಾಗಿ ಒಬ್ಬರಿಗೊಬ್ಬರು ಇಷ್ಟವಾದರು, ಸಂಗೀತದ ವಿಷಯದಲ್ಲಿ ಕೊನೆಗೂ ಒಂದಾಗಲಿಲ್ಲ. ಹುಟ್ಟಿದ ದಿನದಿಂದ ಸ್ವಭಾವ ಹೇಳುವವರಿಗೆ ಈ ಜೋಡಿ ಸ್ವಲ್ಪ ಕಷ್ಟ.

ಉಲ್ಟಾ ಉದಾಹರಣೆ ಮಾರ್ಚ್ 21. ಉಸ್ತಾದ್ ಬಿಸ್ಮಿಲ್ಲಾ ಖಾನ್ ಹುಟ್ಟಿದ್ದು 1916ರ ಮಾರ್ಚ್ 21ರಂದು. ಬಾಖ್ ಹುಟ್ಟಿದ್ದು 1685ರ ಮಾರ್ಚ್ 21ರಂದು. ಶಹನಾಯಿ, ಆರ್ಗನ್, ಒಂದೇ ದಿನ ಎಂದು ಪೋಸ್ಟರ್ ಮಾಡಿ ಹಂಚಬಹುದು. ಆದರೆ ಬಾಖ್ ಹುಟ್ಟೂರು ಐಸೆನಾಖ್ ಪ್ರಾಟೆಸ್ಟೆಂಟ್ ಸೀಮೆ, ಪೋಪ್ ತಂದ ಹೊಸ ಕ್ಯಾಲೆಂಡರ್ ಅಲ್ಲಿ ಚಾಲ್ತಿಗೆ ಬಂದದ್ದು 1700ರಲ್ಲಿ. ಹೊಸ ಲೆಕ್ಕದಲ್ಲಿ ಬಾಖ್ ಹುಟ್ಟುಹಬ್ಬ ಮಾರ್ಚ್ 31. ಹಾಗಾದರೆ ಅವರ ಜೋಡಿ, ಮಾರ್ಚ್ 31ಕ್ಕೆ ಹುಟ್ಟಿದರೆನ್ನುವ ಆಸ್ಟ್ರಿಯಾದ ಸಂಗೀತ ರಚನಕಾರ ಹೈಡನ್! ಅಲ್ಲೂ ಒಂದು ಎಡವಟ್ಟು. ಹೈಡನ್‌ಗೆ ದೀಕ್ಷಾಸ್ನಾನ ಆದದ್ದು 1732ರ ಏಪ್ರಿಲ್ 1ರಂದು. ಏಪ್ರಿಲ್ ಫೂಲ್ ಎಂದು ಜನ ನಗಬಾರದೆಂದು ಅಣ್ಣ ಮಾರ್ಚ್ 31 ಎಂದೇ ಹೇಳಿಕೊಳ್ಳುತ್ತಿದ್ದ ಎಂಬ ಮಾತು ತಮ್ಮ ಮೈಕೆಲ್ ಹೆಸರಿನಲ್ಲಿ ಉಳಿದಿದೆ.

ರಷ್ಯದವರು ತಮ್ಮ ತಾರೀಕನ್ನು ತಾವೇ ತಪ್ಪಿಸಿಕೊಂಡದ್ದೂ ಉಂಟು. ಎರಡು ಕ್ಯಾಲೆಂಡರ್‌ಗಳ ಅಂತರ ಹತ್ತೊಂಬತ್ತನೆಯ ಶತಮಾನದಲ್ಲಿ 12 ದಿನ, ಇಪ್ಪತ್ತರಲ್ಲಿ 13. ರಹ್ಮಾನಿನೊವ್ ಹುಟ್ಟಿದ್ದು 1873ರಲ್ಲಿ, ಹೊಸ ಲೆಕ್ಕದ ಏಪ್ರಿಲ್ 1ಕ್ಕೆ. ವಲಸೆ ಹೋದಮೇಲೆ ಅವರು 13 ಕೂಡಿಸಿ ಏಪ್ರಿಲ್ 2 ಎಂದುಕೊಂಡರು. ಜೂನ್ 17ರ ಸ್ಟ್ರಾವಿನ್‌ಸ್ಕಿಯೂ ಇದೇ ರೀತಿ ಜೂನ್ 18ಕ್ಕೆ ಆಚರಿಸಿಕೊಂಡರು. ಬೀಥೋವನ್ ವಿಷಯದಲ್ಲಿ ದಾಖಲೆ ಇರುವುದು 1770ರ ಡಿಸೆಂಬರ್ 17ರ ದೀಕ್ಷಾಸ್ನಾನಕ್ಕೆ ಮಾತ್ರ, 16 ಎನ್ನುವುದು ಊಹೆ. ಹಾಗಾಗಿ ಡಿಸೆಂಬರ್ 16ಕ್ಕೆ ಹುಟ್ಟಿದ ಹಂಗೆರಿಯ ಕೊಡಾಯ್ ಅವರಿಗೆ ಸಿಗುವುದು ಅರ್ಧ ಜೋಡಿ.

ನಮ್ಮಲ್ಲಿ ಕಥೆ ಇನ್ನೂ ಸಡಿಲ. ಹಳಬರನೇಕರ ಹುಟ್ಟಿದ ದಿನ ಅಂದರೆ ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ದಿನ. ಜೂನ್ 1ಕ್ಕೆ ಹುಟ್ಟಿದವರು ನಿಮ್ಮ ಬಳಗದಲ್ಲೂ ನಾಲ್ಕಾರು ಜನ ಇದ್ದಾರು. ಗಟ್ಟಿ ಜೋಡಿ ಬೇಕೆಂದರೆ ತಮಿಳು ಚಿತ್ರರಂಗದ ಕಣ್ಣದಾಸನ್ ಮತ್ತು ಎಂ.ಎಸ್. ವಿಶ್ವನಾಥನ್: ಇಬ್ಬರದೂ ಜೂನ್ 24, ಒಬ್ಬರು 1927, ಇನ್ನೊಬ್ಬರು 1928. ಒಬ್ಬರ ಸಾಲು, ಇನ್ನೊಬ್ಬರ ರಾಗ. ದಶಕಗಳ ಕಾಲ ಜೊತೆಗೇ ದುಡಿದರು. ಇಳಯರಾಜ ಅವರದು ಇನ್ನೂ ಸ್ವಾರಸ್ಯ. ಹುಟ್ಟಿದ್ದು ಜೂನ್ 3ಕ್ಕಾದರೂ, ಅದು ತಮಗೆ ‘ಇಸೈಜ್ಞಾನಿ’ ಬಿರುದು ಕೊಟ್ಟ ಕರುಣಾನಿಧಿಯವರ ಹುಟ್ಟುಹಬ್ಬವೆಂದು ಜೂನ್ 2ಕ್ಕೆ ಆಚರಿಸುತ್ತಾರೆ. ಜೂನ್ 2 ಮಣಿರತ್ನಂ ಹುಟ್ಟಿದ ದಿನ. ಮಣಿರತ್ನಂ ನಿರ್ದೇಶಿಸಿದ ಮೊದಲ ಚಿತ್ರ ನಮ್ಮ ಕನ್ನಡದ ‘ಪಲ್ಲವಿ ಅನುಪಲ್ಲವಿ’, 1983ರದ್ದು. ಸಂಗೀತ ಇಳಯರಾಜ ಅವರದೇ.

ಕರ್ನಾಟಕ ಸಂಗೀತದ ವಾಗ್ಗೇಯಕಾರರಿಗೆ ಬಂದರೆ ಇಂಗ್ಲಿಷ್ ತಾರೀಕು ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಸ್ವಾತಿ ತಿರುನಾಳರಿಗೆ ಹುಟ್ಟಿದ ನಕ್ಷತ್ರವೇ ಹೆಸರಾಯಿತು. ತ್ಯಾಗರಾಜರು, ಶ್ಯಾಮಾಶಾಸ್ತ್ರಿಗಳು, ಮುತ್ತುಸ್ವಾಮಿ ದೀಕ್ಷಿತರು ಹಂಚಿಕೊಂಡದ್ದು ಊರನ್ನು. ಮೂವರೂ ಹುಟ್ಟಿದ್ದು ತಿರುವಾರೂರಿನಲ್ಲೇ. ನಾವು ನೆನೆಯುವುದೂ ಅವರು ಹೋದ ತಿಥಿಯನ್ನು: ತ್ಯಾಗರಾಜರಿಗೆ ಪುಷ್ಯ ಬಹುಳ ಪಂಚಮಿ, ಪುರಂದರದಾಸರಿಗೆ ಪುಷ್ಯ ಅಮಾವಾಸ್ಯೆ. ನಡುವೆ ಹತ್ತು ತಿಥಿಗಳ ಅಂತರ. ಆದರೂ ನಮ್ಮ ಊರುಗಳ ಸಂಗೀತ ಸಭೆಗಳು ಎರಡನ್ನೂ ಸೇರಿಸಿ ಪುರಂದರ–ತ್ಯಾಗರಾಜರ ಆರಾಧನೆ ಎಂದು ಒಟ್ಟಿಗೆ ನಡೆಸಿಬಿಡುತ್ತವೆ, ಬೆಳಿಗ್ಗೆ ಪುರಂದರದಾಸರ ಪಿಳ್ಳಾರಿ ಗೀತೆ, ಆಮೇಲೆ ತ್ಯಾಗರಾಜರ ಪಂಚರತ್ನ ಕೃತಿಗಳು.