ಬ್ಯಾಂಜೊದಲ್ಲಿ ಹಾಡಿಗೊಂದು ಶ್ರುತಿ ಯಾಕೆ?

ಪ್ರಶ್ನೆ: ನಾಲ್ಕು ತಿಂಗಳಿಂದ ಕ್ಲಾಹ್ಯಾಮರ್ (ತಂತಿಯನ್ನು ಉಗುರಿನಿಂದ ಕೆಳಕ್ಕೆ ಹೊಡೆಯುವ) ಶೈಲಿಯ ಬ್ಯಾಂಜೊ ಅಭ್ಯಾಸ ಮಾಡುತ್ತಿದ್ದೇನೆ. ಮೊದಲು ಗಿಟಾರ್ ನುಡಿಸುತ್ತಿದ್ದೆ, ಅದರಲ್ಲಿ ಒಮ್ಮೆ ಶ್ರುತಿ ಮಾಡಿಟ್ಟರೆ ಮುಗಿಯಿತು. ಇಲ್ಲಿ ನೋಡಿದರೆ ಹಾಡಿಗೊಂದು ಟ್ಯೂನಿಂಗ್ ಅನ್ನುತ್ತಾರೆ. ಜಿ ಟ್ಯೂನಿಂಗ್ ಒಂದರಲ್ಲೇ ಎಲ್ಲ ಹಾಡು ನುಡಿಸಿದರೆ ಆಗುವುದಿಲ್ಲವೆ?

ಆಗುತ್ತದೆ. ಆದರೆ ನಾಲ್ಕೈದು ಹಾಡು ದಾಟುವಷ್ಟರಲ್ಲಿ ನಿಮ್ಮ ಹೆಬ್ಬೆರಳೇ ತಕರಾರು ತೆಗೆಯುತ್ತದೆ.

ಎಲ್ಲ ಗೊಂದಲದ ಮೂಲ ಆ ಗಿಡ್ಡ ಐದನೇ ತಂತಿ. ಅದರ ಬಿರಡೆ ತುದಿಯಲ್ಲಿಲ್ಲ, ಕುತ್ತಿಗೆಯ ನಡುವೆ ಐದನೇ ಫ್ರೆಟ್ಟಿನ (ಮೆಟ್ಟಿನ) ಪಕ್ಕ ಚಾಚಿಕೊಂಡಿದೆ. ಎಡಗೈ ಅದನ್ನು ಒತ್ತುವುದೇ ಅಪರೂಪ. ವೀಣೆಯ ತಾಳದ ತಂತಿಗಳನ್ನು ಕಿರುಬೆರಳು ಮೀಟುತ್ತದಲ್ಲ, ಇಲ್ಲಿ ಆ ಕೆಲಸ ಹೆಬ್ಬೆರಳಿನದು. ವ್ಯತ್ಯಾಸವೆಂದರೆ ಕ್ಲಾಹ್ಯಾಮರ್‌ನಲ್ಲಿ ಅದಕ್ಕೆ ಬಿಡುವೇ ಇಲ್ಲ. ಉಗುರು ಒಂದು ತಂತಿಯನ್ನು ಮೇಲಿನಿಂದ ಕೆಳಕ್ಕೆ ಹೊಡೆಯುತ್ತದೆ, ಮತ್ತೆ ಇಳಿದು ತಂತಿಗಳನ್ನು ಸವರುತ್ತದೆ, ಕೈ ಏಳುವಾಗ ಹೆಬ್ಬೆರಳು ಐದನೆಯದನ್ನು ಮೀಟುತ್ತದೆ: ತಾ – ತಕ, ತಾ – ತಕ. ಆ ‘ಕ’ ಯಾವಾಗಲೂ ಒಂದೇ ಸ್ವರ. ಅದು ಹಾಡಿಗೆ ಒಗ್ಗದಿದ್ದರೆ ಹಾಡು ಮುಗಿಯುವವರೆಗೂ ಒಗ್ಗುವುದಿಲ್ಲ.

(ಗಿಟಾರ್‌ನಿಂದ ಬಂದವರಿಗೆ ಒಂದು ಮಾತು. ಕೇರಂ ಸ್ಟ್ರೈಕರ್ ಹೊಡೆದ ಹಾಗೆ ಬೆರಳು ಚಿಮ್ಮಿಸಬೇಡಿ. ಬೆರಳು ಮಡಚಿದಂತೆಯೇ ಇರಲಿ, ಬಾಗಿಲು ತಟ್ಟುವಂತೆ ಕೈಯೇ ಇಳಿಯಲಿ.)

ಈಗ ಜಿ ಟ್ಯೂನಿಂಗ್ ನೋಡಿ. ಐದನೇ ತಂತಿಯಿಂದ ಒಂದನೆಯದರವರೆಗೆ ಜಿ-ಡಿ-ಜಿ-ಬಿ-ಡಿ. ಜಿ ಷಡ್ಜವಾದರೆ ತಾರ ಸ, ಮಂದ್ರ ಪ, ಸ, ಗ, ಪ. ಹೆಬ್ಬೆರಳಿನಡಿ ಸದಾ ಷಡ್ಜ, ಸೊಗಸು. ಆದರೆ ಎರಡನೇ ತಂತಿಯ ಗ ಅಂತರ ಗಾಂಧಾರ. ‘ಶೇಡಿ ಗ್ರೋವ್’ನಂಥ ಹಾಡಿಗೆ ಬೇಕಾದದ್ದು ಸಾಧಾರಣ ಗಾಂಧಾರ. ನೀವು ರಾಗವನ್ನು ಎಷ್ಟೇ ಸರಿಯಾಗಿ ನುಡಿಸಿ, ತಂತಿ ಸವರಿದಾಗಲೆಲ್ಲ ಆ ಬಿ ನಡುವೆ ಬಾಯಿ ಹಾಕುತ್ತದೆ. ಮದ್ದು ಸರಳ: ಬಿ ಯನ್ನು ಅರ್ಧ ಸ್ವರ ಏರಿಸಿ ಸಿ ಮಾಡಿ. ಮೂರನೇ ತಂತಿಯ 5ನೇ ಫ್ರೆಟ್ ಒತ್ತಿ ಅದಕ್ಕೆ ಎರಡನೆಯದನ್ನು ಹೊಂದಿಸಿದರಾಯಿತು. ಗಾಂಧಾರ ಹೋಗಿ ಮಧ್ಯಮ ಬಂತು: ಸ-ಪ-ಸ-ಮ-ಪ. ಇದೇ ಸಾಮಿಲ್ ಟ್ಯೂನಿಂಗ್. ‘ಮೌಂಟನ್ ಮೈನರ್’ ಅಂತಲೂ ಕರೆಯುತ್ತಾರೆ, ಆ ಹೆಸರು ನನಗೆ ಒಪ್ಪಿಗೆಯಿಲ್ಲ. ಅಂತರ ಗಾಂಧಾರವಿದ್ದರೆ ಮೇಜರ್, ಸಾಧಾರಣ ಗಾಂಧಾರವಿದ್ದರೆ ಮೈನರ್; ಬಿಟ್ಟ ತಂತಿಗಳಲ್ಲಿ ಗಾಂಧಾರವೇ ಇಲ್ಲದ ಮೇಲೆ ಮೇಜರ್ ಎಲ್ಲಿ, ಮೈನರ್ ಎಲ್ಲಿ? ಅಪಲಾಚಿಯನ್ ಬೆಟ್ಟಗಳ ಹಳೆಯ ಹಾಡುಗಾರರ ಗಾಂಧಾರ ಎಷ್ಟೋ ಸಲ ಎರಡರ ನಡುವೆ ಎಲ್ಲೋ ನಿಲ್ಲುತ್ತದೆ, ಈ ಶ್ರುತಿ ಅದಕ್ಕೆ ಜಾಗ ಬಿಡುತ್ತದೆ.

ಡಿ ಶ್ರುತಿಯ ಪಿಟೀಲಿನ ಮಟ್ಟುಗಳದು ಇನ್ನೊಂದು ಕಥೆ. ‘ಸೋಲ್ಜರ್ಸ್ ಜಾಯ್’ ಅನ್ನು ಜಿ ಟ್ಯೂನಿಂಗಿನಲ್ಲೇ ನುಡಿಸಹೊರಟರೆ ಹೆಬ್ಬೆರಳಿನ ಜಿ ಈಗ ಶುದ್ಧ ಮಧ್ಯಮ. ಮಧ್ಯಮಕ್ಕೆ ಶ್ರುತಿ ಮಾಡಿದ ತಂಬೂರಿ ಮುಂದಿಟ್ಟುಕೊಂಡು ಕಲ್ಯಾಣಿ ಹಾಡಿದಷ್ಟು ಹಿತ! ಅದಕ್ಕೇ ಡಬಲ್ ಸಿ: ನಾಲ್ಕನೆಯದನ್ನು ಡಿ ಯಿಂದ ಸಿ ಗೆ ಇಳಿಸಿ, ಎರಡನೆಯದನ್ನು ಬಿ ಯಿಂದ ಸಿ ಗೆ ಏರಿಸಿ. ಜಿ-ಸಿ-ಜಿ-ಸಿ-ಡಿ. ಸಿ ಷಡ್ಜವಾದರೆ ಪ-ಸ-ಪ-ಸ-ರಿ. ಐದನೇ ತಂತಿಯನ್ನು ನೀವು ಮುಟ್ಟೇ ಇಲ್ಲ, ಅದು ಷಡ್ಜದಿಂದ ಪಂಚಮವಾಗಿ ಕೂತಿದೆ. ಇನ್ನು ಎರಡನೇ ಫ್ರೆಟ್ಟಿಗೆ ಕೇಪೊ (ಉದ್ದದ ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿಹಿಡಿಯುವ ಹಿಡಿಕೆ) ಹಾಕಿ, ಐದನೇ ತಂತಿಯನ್ನೂ ಒಂದು ಸ್ವರ ಏರಿಸಿದರೆ ಎಲ್ಲವೂ ಡಿ ಗೆ ಬರುತ್ತದೆ. ಏರಿಸುವುದಕ್ಕೆ 7ನೇ ಫ್ರೆಟ್ಟಿನ ಬಳಿ ಪುಟ್ಟ ಮೊಳೆ ಹೊಡೆಸಿಕೊಳ್ಳುತ್ತಾರೆ, ತಂತಿಯನ್ನು ಅದರಡಿ ಸಿಕ್ಕಿಸಿದರೆ ಸಾಕು. ಆ ಮೊಳೆ ಆಟಿಕೆ ರೈಲಿನ ಹಳಿಗೆ ಬಳಸುವಂಥದ್ದು. ತಮಾಷೆಯಲ್ಲ, ನಿಜಕ್ಕೂ ಅದೇ.

ಹಳಬರು ಹೀಗೆ ತಿರುಗಿಸುತ್ತಲೇ ಇದ್ದದ್ದಕ್ಕೆ ಇನ್ನೊಂದು ಕಾರಣವೂ ಇದೆ. ನಾರ್ತ್ ಕ್ಯಾರೊಲಿನಾದ ರೌಂಡ್ ಪೀಕ್ ಕಡೆಯ ಫ್ರೆಡ್ ಕಾಕರ್‌ಹ್ಯಾಮ್ ನುಡಿಸುತ್ತಿದ್ದದ್ದು ಫ್ರೆಟ್ಟೇ ಇಲ್ಲದ ಬ್ಯಾಂಜೊ. ಅಂಥ ವಾದ್ಯದಲ್ಲಿ ಕಣ್ಣು ಮುಚ್ಚಿ ನಂಬಬಹುದಾದ ಸ್ವರಗಳೆಂದರೆ ಬಿಟ್ಟ ತಂತಿಗಳವೇ. ರಾಗದ ಮುಖ್ಯ ಸ್ವರಗಳು ಅಲ್ಲೇ ಸಿಗುವಂತೆ ಶ್ರುತಿ ಮಾಡಿಕೊಂಡರೆ ಎಡಗೈಗೆ ಅರ್ಧ ಕೆಲಸ.

ಅಂದಹಾಗೆ, ಈ ಗಿಡ್ಡ ತಂತಿಯನ್ನು ವರ್ಜೀನಿಯಾದ ಜೋಯೆಲ್ ಸ್ವೀನಿ 19ನೇ ಶತಮಾನದಲ್ಲಿ ಕಂಡುಹಿಡಿದ ಅನ್ನುವ ಕಥೆ ಕಿವಿಗೆ ಬಿದ್ದರೆ ನಂಬಬೇಡಿ. ಅವನು ಹುಟ್ಟುವ ಮೊದಲೇ ಸೌತ್ ಕ್ಯಾರೊಲಿನಾದಲ್ಲಿ ಬರೆದ ಒಂದು ಚಿತ್ರದಲ್ಲಿ ಗುಲಾಮ ಕಲಾವಿದನ ಕೈಯಲ್ಲಿ ಬುರುಡೆಯ ಬ್ಯಾಂಜೊ ಇದೆ, ಅದರಲ್ಲಿ ಗಿಡ್ಡ ತಂತಿಯೂ ಇದೆ. ಸೆನೆಗಲ್, ಗ್ಯಾಂಬಿಯಾ ಕಡೆಯ ಜೋಲಾ ಜನರ ಅಕೊಂಟಿಂಗ್ ಎಂಬ ತಂತಿವಾದ್ಯದಲ್ಲೂ ಹೆಬ್ಬೆರಳಿಗೊಂದು ಗಿಡ್ಡ ತಂತಿ ಇದೆ, ಅದನ್ನೂ ಉಗುರಿನಿಂದ ಕೆಳಕ್ಕೇ ಹೊಡೆಯುವುದು.

ನಿಮ್ಮ ಮಟ್ಟಿಗೆ ಹೇಳುವುದಾದರೆ, ಕೈ ಕೂರುವವರೆಗೆ ಜಿ ಯಲ್ಲೇ ಇರಿ. ಆಮೇಲೆ ಸಾಮಿಲ್, ಒಂದೇ ಬಿರಡೆಯ ಕೆಲಸ. ಅದಾದ ಮೇಲೆ ಡಬಲ್ ಸಿ. ಈ ಮೂರರಲ್ಲಿ ವರ್ಷಗಟ್ಟಲೆ ಕಳೆಯಬಹುದು. ಎಫ್ ಶಾರ್ಪ್-ಡಿ-ಎಫ್ ಶಾರ್ಪ್-ಎ-ಡಿ ತರಹದವನ್ನು ಆ ಹಾಡೇ ಎದುರಾದಾಗ ನೋಡಿಕೊಳ್ಳಿ. ನಾಲ್ಕು ಜನರ ಜೊತೆ ನುಡಿಸುವಾಗ ಹೆದರಿಕೆ ಬೇಡ. ಓಲ್ಡ್-ಟೈಮ್ (ಈ ಹಳೆಯ ಹಳ್ಳಿ ಸಂಗೀತದ) ಕೂಟಗಳಲ್ಲಿ ಡಿ ಗೆ ಕೂತರೆ ಬಹಳ ಹೊತ್ತು ಡಿ ಯಲ್ಲೇ ಇರುತ್ತಾರೆ, ಬ್ಯಾಂಜೊದವರು ಬಿರಡೆ ತಿರುಗಿಸುತ್ತಾ ಕೂರಬಾರದೆಂದೇ ಈ ರೂಢಿ.

ತಿರುಗಿಸುವ ಮೊದಲು ಯಾವ ಬಿರಡೆ ಹಿಡಿದಿದ್ದೀರೆಂದು ಮಾತ್ರ ನೋಡಿಕೊಳ್ಳಿ. ಮೊದಲ ಸಲ ಸಾಮಿಲ್‌ಗೆ ಹೋಗುವಾಗ ನಾನು ಎರಡನೇ ತಂತಿ ಮೀಟುತ್ತಾ ಒಂದನೆಯದರ ಬಿರಡೆ ತಿರುಗಿಸುತ್ತಿದ್ದೆ. ಸ್ವರ ಏರುತ್ತಲೇ ಇಲ್ಲವಲ್ಲ ಅಂತ ಇನ್ನೂ ಎರಡು ಸುತ್ತು ಕೊಟ್ಟೆ. ತಂತಿ ಪಟ್ಟನೆ ಕಡಿದು ಮುಂಗೈಗೆ ಬಡಿಯಿತು. ಮನೆಯಲ್ಲಿ ಇನ್ನೊಂದು ತಂತಿ ಇರಲಿಲ್ಲ.